ಸಂಸ್ಥೆಯ ಹೆಸರನ್ನು ಕಾಯುವ ಬಗೆ: ಡಿ. ವಿ. ಗುಂಡಪ್ಪನವರ ಜೀವನ

ವಾರ್ಷಿಕೋತ್ಸವವೆಂದರೆ ಒಂದು ಸಂಘವು ತನ್ನ ಮುಖವನ್ನು ತಾನೇ ಕನ್ನಡಿಯಲ್ಲಿ ನೋಡಿಕೊಳ್ಳುವ ದಿನ. ವರ್ಷವೆಲ್ಲ ನಡೆದ ಕಾರ್ಯಗಳ ವರದಿಯನ್ನು ಅಂದು ಓದುತ್ತೇವೆ, ಅತಿಥಿಗಳನ್ನು ಕರೆಯುತ್ತೇವೆ, ಸಂಚಿಕೆಯನ್ನು ಹೊರತರುತ್ತೇವೆ. ಇವೆಲ್ಲದರ ಹಿಂದೆ ಹೇಳಿಯೂ ಹೇಳದಂತಿರುವ ಒಂದು ಆಸೆ ಅಡಗಿರುತ್ತದೆ. ನಮ್ಮ ಸಂಘದ ವಿಷಯವಾಗಿ ನಾಲ್ಕು ಜನ ಒಳ್ಳೆಯ ಮಾತನ್ನಾಡಬೇಕು, ಪತ್ರಿಕೆಯಲ್ಲಿ ನಮ್ಮ ಸುದ್ದಿ ಬರಬೇಕು ಎಂಬುದೇ ಆ ಆಸೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಗಡಿನಾಡಿನಲ್ಲಿ ಕನ್ನಡದ ದೀಪವನ್ನು ಹಿಡಿದಿರುವ ಸಂಸ್ಥೆಗಳಿಗಂತೂ ಒಳ್ಳೆಯ ಹೆಸರೇ ಮೂಲಧನ. ಆದರೆ ಆ ಹೆಸರನ್ನು ಪಡೆಯುವ ದಾರಿ ಯಾವುದು, ಪಡೆದ ಮೇಲೆ ಅದನ್ನು ಕಾಪಾಡುವ ಬಗೆ ಯಾವುದು ಎಂಬುದು ಆಲೋಚಿಸತಕ್ಕ ವಿಷಯ. ಈ ಆಲೋಚನೆಗೆ ಡಿ. ವಿ. ಗುಂಡಪ್ಪನವರ ಜೀವನಕ್ಕಿಂತ ಉತ್ತಮವಾದ ನಿದರ್ಶನ ಕನ್ನಡ ನಾಡಿನಲ್ಲಿ ದೊರೆಯುವುದು ಕಷ್ಟ. ಅವರು ಪತ್ರಿಕೋದ್ಯೋಗಿಗಳಾಗಿ ಸರ್ಕಾರಗಳನ್ನೂ ಸಂಸ್ಥೆಗಳನ್ನೂ ತೂಗಿ ನೋಡಿದವರು. ಸಂಸ್ಥೆಗಳ ಭಾರವನ್ನು ಹೊತ್ತು ಇತರರ ತಕ್ಕಡಿಯಲ್ಲಿ ತಾವೂ ಕುಳಿತವರು.

ಮಂಕುತಿಮ್ಮನ ಕಗ್ಗದ ಕವಿಯೆಂದು ಅವರನ್ನು ನಮ್ಮ ಮನೆಮನೆಯ ಮಕ್ಕಳೂ ಬಲ್ಲರು. ಆದರೆ ಕಗ್ಗವು ಪ್ರಕಟವಾದದ್ದು ೧೯೪೩ರಲ್ಲಿ, ಅವರ ಐವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಮೂರು ದಶಕಗಳಿಗೂ ಮೀರಿದ ಪತ್ರಿಕಾ ಜೀವನವೂ ಸಾರ್ವಜನಿಕ ಸೇವೆಯೂ ಅವರಿಗಿದ್ದವು. ಪ್ರಕೃತ ಲೇಖನದಲ್ಲಿ ಆ ಭಾಗವನ್ನೇ ಮುಖ್ಯವಾಗಿ ನೋಡೋಣ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ೧೮೮೭ನೆಯ ಇಸವಿ ಮಾರ್ಚಿ ೧೭ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದರು. ಹಳೆಯ ಮೈಸೂರು ಸಂಸ್ಥಾನದ ಪೂರ್ವದ ಅಂಚಿನಲ್ಲಿರುವ ಊರು ಅದು. ಅಲ್ಲಿಯ ಸಂತೆಯಲ್ಲಿ ಕನ್ನಡದೊಡನೆ ತೆಲುಗು ತಮಿಳುಗಳೂ ಕಿವಿಗೆ ಬೀಳುವುದು ಸಹಜ. ರಾಯದುರ್ಗ, ಮಡಕಶಿರಾ, ಬೆಳುಗುಪ್ಪಗಳ ಕಡೆಯ ನಮಗೆ ಆ ಪರಿಸರ ಹೊಸದಲ್ಲ. ನೆರೆಯ ಭಾಷೆಯನ್ನು ಹಗೆಯೆಂದು ಕಾಣದೆ, ತನ್ನ ಭಾಷೆಯನ್ನು ಕೀಳೆಂದು ಎಣಿಸದೆ ಬಾಳುವ ಪಾಠವನ್ನು ಗಡಿಯ ಊರುಗಳು ತಮ್ಮ ಮಕ್ಕಳಿಗೆ ಎಳೆತನದಲ್ಲಿಯೇ ಕಲಿಸುತ್ತವೆ.

ಶಾಲೆಯ ವಿದ್ಯೆ ಅವರ ಕೈಹಿಡಿಯಲಿಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆ ಹೊಂದಲಿಲ್ಲ. ಹೊಟ್ಟೆಪಾಡಿಗಾಗಿ ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯ ಕೆಲಸವನ್ನು ಮಾಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆಯಲ್ಲಿಯೂ ದುಡಿದರು. ಮುಂದೆ ಇದೇ ವ್ಯಕ್ತಿಗೆ ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಗೆ ಧೈರ್ಯ ಹೇಳುವಾಗ ಉಪಾಧ್ಯಾಯರು ನೆನೆಯಬೇಕಾದ ಹೆಸರು ಇದು. ಸಂಸ್ಕೃತ, ಇಂಗ್ಲಿಷ್, ಕನ್ನಡ, ತೆಲುಗು ಮುಂತಾದ ಭಾಷೆಗಳ ಗ್ರಂಥಗಳನ್ನು ಅವರು ಸ್ವಂತ ಶ್ರಮದಿಂದಲೂ ವಿದ್ವಾಂಸರ ಸಹವಾಸದಿಂದಲೂ ಅರಗಿಸಿಕೊಂಡರು.

ಬೆಂಗಳೂರಿನಲ್ಲಿ ಅವರನ್ನು ಸೆಳೆದದ್ದು ಪತ್ರಿಕಾ ವೃತ್ತಿ. ಮೊದಲು ಸೂರ್ಯೋದಯ ಪ್ರಕಾಶಿಕೆ ಎಂಬ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದರು. ೧೯೦೭ರಲ್ಲಿ ಭಾರತಿ ಎಂಬ ಕನ್ನಡ ದಿನಪತ್ರಿಕೆಯನ್ನು ನಡೆಸುವ ಹೊಣೆಯನ್ನು ವಹಿಸಿಕೊಂಡರು. ಆಗ ಅವರಿಗೆ ಇಪ್ಪತ್ತು ವರ್ಷ. ವಂಗಭಂಗದ ಬಿಸಿ ದೇಶವನ್ನೆಲ್ಲ ವ್ಯಾಪಿಸಿದ್ದ ಕಾಲ ಅದು. ಸರ್ಕಾರದ ನಡೆನುಡಿಗಳನ್ನು ಪ್ರಶ್ನಿಸುವ ಹುರುಪು ಮೈಸೂರಿನ ಪತ್ರಿಕೆಗಳಲ್ಲಿಯೂ ಮೂಡಿತ್ತು.

ಈ ಹುರುಪನ್ನು ಕಂಡು ಸಂಸ್ಥಾನದ ಅಧಿಕಾರಿಗಳು ಕಳವಳಗೊಂಡರು. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, ೧೯೦೮ರಲ್ಲಿ, ವೃತ್ತಪತ್ರಿಕೆಗಳ ನಿಯಂತ್ರಣ ಶಾಸನವು ಜಾರಿಗೆ ಬಂದಿತು. ಪತ್ರಿಕೆ ನಡೆಯಬೇಕಾದರೆ ಸರ್ಕಾರದ ಅನುಮತಿ ಬೇಕು. ಸರ್ಕಾರವು ಮನಸ್ಸು ಮಾಡಿದರೆ ಆ ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು. ಮೈಸೂರಿನ ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಭಾರತಿಯೂ ನಿಂತಿತು. ಗುಂಡಪ್ಪನವರು ಕೆಲಕಾಲ ಮದರಾಸಿನಲ್ಲಿದ್ದು ಅಲ್ಲಿಯ ಪತ್ರಿಕೆಗಳಿಗೆ ಲೇಖನಗಳನ್ನು ಬರೆದರು.

ಈ ಪ್ರಸಂಗದಲ್ಲಿ ಒಂದು ನೀತಿ ಅಡಗಿದೆ. ತನ್ನ ಹೆಸರಿಗೆ ಕುಂದು ಬಂದೀತೆಂಬ ಭಯದಿಂದ ಆಡುವ ಬಾಯನ್ನು ಮುಚ್ಚಿಸಿದರೆ, ಅದರೊಡನೆ ತನ್ನ ಕಿವಿಯೂ ಮುಚ್ಚಿಹೋಗುತ್ತದೆ. ಯಾವ ಊರಿನಲ್ಲಿ ಕೆರೆಯ ಏರಿ ಬಿರುಕುಬಿಟ್ಟಿದೆ, ಯಾವ ಕಚೇರಿಯಲ್ಲಿ ಬಡವನ ಅರ್ಜಿ ಕೊಳೆಯುತ್ತಿದೆ ಎಂಬುದನ್ನು ಹೇಳುವವರೇ ಇಲ್ಲದಂತಾಗುತ್ತದೆ. ಮಾಧವರಾಯರು ಅನೇಕ ವಿಧದಲ್ಲಿ ಸಮರ್ಥರಾದ ದಿವಾನರು. ಆದರೂ ಇಂದು ಅವರ ಹೆಸರನ್ನು ಹೇಳಿದೊಡನೆ ಪತ್ರಿಕೆಗಳನ್ನು ಕಟ್ಟಿಹಾಕಿದ ಶಾಸನವೇ ಮೊದಲು ನೆನಪಿಗೆ ಬರುತ್ತದೆ. ಕೀರ್ತಿಯ ರಕ್ಷಣೆಗೆಂದು ಮಾಡಿದ ಕಾರ್ಯವೇ ಕೀರ್ತಿಗೆ ಕಲೆಯಾಯಿತು.

ಗುಂಡಪ್ಪನವರು ಮೈಸೂರಿನ ಮತ್ತೊಬ್ಬ ದಿವಾನರಾದ ರಂಗಾಚಾರ್ಲು ಅವರ ವಿಷಯವಾಗಿ ಕನ್ನಡದಲ್ಲಿ ಒಂದು ಪುಸ್ತಕವನ್ನು ರಚಿಸಿದರು. ೧೮೮೧ರಲ್ಲಿ ರಾಜ್ಯವು ಮತ್ತೆ ಒಡೆಯರ ಕೈಗೆ ಬಂದಾಗ ರಂಗಾಚಾರ್ಲು ಅವರು ಮಾಡಿದ ಮೊದಲ ಕಾರ್ಯಗಳಲ್ಲಿ ಪ್ರಜಾಪ್ರತಿನಿಧಿ ಸಭೆಯ ಸ್ಥಾಪನೆಯೂ ಒಂದು. ಆ ವರ್ಷದ ಅಕ್ಟೋಬರ್ ೭ರಂದು ೧೪೪ ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿದರು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸರ್ಕಾರವು ವರ್ಷದ ಆಡಳಿತದ ವರದಿಯನ್ನು ಒಪ್ಪಿಸುವುದು, ಪ್ರತಿನಿಧಿಗಳು ತಮ್ಮ ಸೀಮೆಯ ಕಷ್ಟಗಳನ್ನು ಹೇಳುವುದು, ಇಷ್ಟೇ ಅದರ ಕ್ರಮ. ಆದರೆ ಈ ಚಿಕ್ಕ ಕ್ರಮದಿಂದ ಮೈಸೂರಿನ ಸರ್ಕಾರಕ್ಕೆ ದೇಶದಲ್ಲೆಲ್ಲ ಮನ್ನಣೆ ದೊರೆಯಿತು. ಲೆಕ್ಕವನ್ನೊಪ್ಪಿಸುವವನನ್ನು ಜನ ನಂಬುತ್ತಾರೆ. ಯುವಕ ಗುಂಡಪ್ಪನವರು ರಂಗಾಚಾರ್ಲು ಅವರ ಚರಿತ್ರೆಯನ್ನು ಬರೆಯಲು ಆರಿಸಿಕೊಂಡದ್ದು ಅರ್ಥಪೂರ್ಣವಾಗಿದೆ.

ಸರ್ ಎಂ. ವಿಶ್ವೇಶ್ವರಯ್ಯನವರು ೧೯೧೨ರಲ್ಲಿ ದಿವಾನರಾದರು. ಅವರ ಪೂರ್ವಿಕರ ಊರಾದ ಮೋಕ್ಷಗುಂಡವು ಇಂದಿನ ಆಂಧ್ರಪ್ರದೇಶದಲ್ಲಿದೆಯೆಂಬುದನ್ನು ನಮ್ಮ ಸೀಮೆಯವರು ಮರೆಯಲಾರರು. ಅದೇ ಕಾಲಕ್ಕೆ ಗುಂಡಪ್ಪನವರು ಕರ್ನಾಟಕ ಎಂಬ ಹೆಸರಿನ ಇಂಗ್ಲಿಷ್ ಪತ್ರಿಕೆಯನ್ನು ವಾರಕ್ಕೆರಡು ಬಾರಿಯಂತೆ ಹೊರಡಿಸತೊಡಗಿದರು. ದಿವಾನರಿಗೂ ಈ ಸಂಪಾದಕರಿಗೂ ಸ್ನೇಹ ಬೆಳೆಯಿತು. ಆ ಸ್ನೇಹವು ವಿಶ್ವೇಶ್ವರಯ್ಯನವರ ಕೊನೆಗಾಲದ ವರೆಗೂ ಉಳಿಯಿತು. ಕೈಗಾರಿಕೆ, ವಿದ್ಯಾಭ್ಯಾಸ, ನೀರಾವರಿಗಳಲ್ಲಿ ವಿಶ್ವೇಶ್ವರಯ್ಯನವರು ಕೈಗೊಂಡ ಕಾರ್ಯಗಳಲ್ಲಿ ಗುಂಡಪ್ಪನವರಿಗೆ ಬಹಳ ಆದರವಿತ್ತು. ಆದರೆ ದಿವಾನರು ಎಷ್ಟೇ ದೊಡ್ಡವರಾದರೂ ರಾಜ್ಯದ ಆಡಳಿತವು ಪ್ರಜೆಗಳ ಪ್ರತಿನಿಧಿಗಳಿಗೆ ಉತ್ತರ ಹೇಳುವಂತಿರಬೇಕೆಂಬ ತಮ್ಮ ನಿಲುವನ್ನು ಅವರು ಸಡಿಲಿಸಲಿಲ್ಲ. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಹೊಸ ರಾಜ್ಯಾಂಗದಲ್ಲಿ ದೊರೆಯಬೇಕಾದ ಸ್ಥಾನವನ್ನು ಕುರಿತು ವರ್ಷಗಳ ಕಾಲ ಬರೆದರು. ಸ್ನೇಹಿತರನ್ನು ಹೊಗಳುವುದೂ ಸುಲಭ, ಶತ್ರುವನ್ನು ತೆಗಳುವುದೂ ಸುಲಭ. ಸ್ನೇಹವನ್ನು ಉಳಿಸಿಕೊಂಡೇ ವಿಮರ್ಶೆಯ ಹಕ್ಕನ್ನೂ ಉಳಿಸಿಕೊಳ್ಳುವುದು ಕಷ್ಟ. ಅದನ್ನು ಅವರು ಸಾಧಿಸಿದರು.

ಇದಕ್ಕೆ ಅವರು ತೆತ್ತ ಬೆಲೆಯೂ ಕಡಮೆಯದಲ್ಲ. ಕರ್ನಾಟಕ ಪತ್ರಿಕೆಯು ೧೯೨೧ರಲ್ಲಿ ನಿಂತುಹೋಯಿತು. ಓದುವವರು ಕೊಡುವ ಚಂದಾ ಹಣದಿಂದ ಮಾತ್ರ ಪತ್ರಿಕೆಯನ್ನು ನಡೆಸುವುದು ಅಂದು ಎಷ್ಟು ದುಸ್ತರವಾಗಿತ್ತೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಮನೆಯಲ್ಲಿ ಅನುಕೂಲ ಸಾಲದು. ೧೯೨೪ರಲ್ಲಿ ಪತ್ನಿ ಭಾಗೀರಥಮ್ಮನವರು ತೀರಿಕೊಂಡರು. ಗುಂಡಪ್ಪನವರು ಪುನಃ ವಿವಾಹವಾಗದೆ ಮಕ್ಕಳನ್ನು ಸಾಕಿದರು. ಅವರ ಮಗನಾದ ಬಿ. ಜಿ. ಎಲ್. ಸ್ವಾಮಿಯವರು ಮುಂದೆ ಸಸ್ಯಶಾಸ್ತ್ರಜ್ಞರಾಗಿಯೂ ಕನ್ನಡದ ಲೇಖಕರಾಗಿಯೂ ಹೆಸರಾದರು. ಇಂಥ ಸಂಸಾರದ ನಡುವೆಯೂ, ಸರ್ಕಾರದ ಬರವಣಿಗೆಯ ಕೆಲಸಕ್ಕೆ ಸಂಭಾವನೆಯಾಗಿ ಬಂದ ಚೆಕ್ಕುಗಳನ್ನು ಅವರು ಹಣವಾಗಿ ಮಾಡಿಕೊಳ್ಳದೆ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದರೆಂಬ ಮಾತು ಕನ್ನಡ ನಾಡಿನಲ್ಲಿ ಪ್ರಚಲಿತವಾಗಿದೆ. ಒಬ್ಬರ ಅನ್ನವನ್ನುಂಡ ಲೇಖನಿಯು ಅವರ ವಿಷಯದಲ್ಲಿ ನೆಟ್ಟಗೆ ನಡೆಯಲಾರದೆಂಬ ಎಚ್ಚರ ಆ ಮಾತಿನ ಹಿಂದಿದೆ.

ಬಾಗಲಕೋಟೆಯಲ್ಲಿ ೧೯೨೮ರಲ್ಲಿ ಕರ್ನಾಟಕ ವೃತ್ತಪತ್ರಿಕಾಕರ್ತರ ಮೊದಲ ಸಮ್ಮೇಳನ ಸೇರಿತು. ಅಧ್ಯಕ್ಷ ಪೀಠವನ್ನು ಗುಂಡಪ್ಪನವರಿಗೆ ಒಪ್ಪಿಸಲಾಯಿತು. ಕನ್ನಡ ಸೀಮೆ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಒಬ್ಬ ಪತ್ರಿಕಾಕರ್ತರನ್ನು ಮುಂಬಯಿ ಪ್ರಾಂತದ ಬಾಗಲಕೋಟೆಯವರು ಕರೆದು ಗೌರವಿಸಿದುದು ಗಮನಾರ್ಹ. ಅವರು ರಚಿಸಿದ ವೃತ್ತಪತ್ರಿಕೆ ಎಂಬ ಗ್ರಂಥವು ಈ ವಿಷಯದಲ್ಲಿ ಕನ್ನಡದ ಆದಿಗ್ರಂಥಗಳಲ್ಲೊಂದು. ಪತ್ರಿಕೆಯೆಂಬುದು ವ್ಯಾಪಾರದ ಸರಕಾಗಿ ಮುಗಿಯತಕ್ಕದ್ದಲ್ಲ, ಪ್ರಜೆಗಳನ್ನು ಪ್ರಜ್ಞಾವಂತರನ್ನಾಗಿ ಮಾಡುವ ಸಾಧನ ಎಂಬ ನಂಬಿಕೆಯು ಅವರ ಪತ್ರಿಕಾ ಜೀವನದ ಉದ್ದಕ್ಕೂ ಕಾಣುತ್ತದೆ. ಆ ದೃಷ್ಟಿಯಿಂದ ನೋಡಿದರೆ ತಮ್ಮ ಪ್ರಚಾರಕ್ಕಾಗಿ ಪತ್ರಿಕೆಯ ಬಾಗಿಲಿಗೆ ಬರುವವರು ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ: ಈ ಸುದ್ದಿಯಿಂದ ಓದುಗನಿಗೆ ಏನು ಪ್ರಯೋಜನ?

ಇಷ್ಟರ ವರೆಗೆ ನೋಡಿದ್ದು ತಕ್ಕಡಿಯನ್ನು ಹಿಡಿದ ಗುಂಡಪ್ಪನವರನ್ನು. ಇನ್ನು ತಕ್ಕಡಿಯಲ್ಲಿ ಕುಳಿತವರನ್ನು ನೋಡೋಣ.

೧೯೩೨ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದ್ದ ಅವರು, ೧೯೩೩ರಿಂದ ೧೯೩೭ರ ವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದರು. ಯುವರಾಜರು ಅಧ್ಯಕ್ಷರಾಗಿದ್ದುದರಿಂದ ದಿನದಿನದ ಭಾರವೆಲ್ಲ ಉಪಾಧ್ಯಕ್ಷರ ಮೇಲೆಯೇ ಬೀಳುತ್ತಿತ್ತು. ಪರಿಷತ್ತು ೧೯೧೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ. ಮೈಸೂರು ಅರಸರ ಆಶ್ರಯದಲ್ಲಿ ಬೆಳೆದ ಸಂಸ್ಥೆ. ೧೯೩೩ರಲ್ಲಿ ಅದಕ್ಕೆ ಸ್ವಂತ ಮಂದಿರವೂ ಆಯಿತು. ಇದೆಲ್ಲವೂ ಮೈಸೂರಿನವರ ಸಂಸ್ಥೆ, ಹೊರಗಿನ ಕನ್ನಡಿಗರಿಗೆ ಇದರಲ್ಲಿ ಪಾಲೆಷ್ಟು ಎಂಬ ಸಂಶಯವು ಉತ್ತರದ ಕನ್ನಡಿಗರಲ್ಲಿ ಆಗಾಗ ತಲೆದೋರುತ್ತಿತ್ತು.

ಇಂಥ ಅಪವಾದಕ್ಕೆ ಎರಡು ಬಗೆಯಲ್ಲಿ ಉತ್ತರ ಕೊಡಬಹುದು. ಪತ್ರಿಕೆಗಳಿಗೆ ಖಂಡನೆಯ ಪತ್ರಗಳನ್ನು ಬರೆಯುವುದು ಒಂದು ಬಗೆ. ಅಪವಾದಕ್ಕೆ ಎಡೆಯೇ ಇಲ್ಲದಂತೆ ನಡೆದುಕೊಳ್ಳುವುದು ಇನ್ನೊಂದು ಬಗೆ. ಗುಂಡಪ್ಪನವರು ಉಪಾಧ್ಯಕ್ಷರಾಗಿದ್ದ ಅವಧಿಯ ಸಮ್ಮೇಳನಗಳ ಪಟ್ಟಿಯನ್ನು ನೋಡಿದರೆ ಪರಿಷತ್ತು ಯಾವ ದಾರಿಯಲ್ಲಿ ನಡೆಯಿತೆಂಬುದು ತಿಳಿಯುತ್ತದೆ. ೧೯೩೩ರಲ್ಲಿ ಹುಬ್ಬಳ್ಳಿ, ೧೯೩೪ರಲ್ಲಿ ರಾಯಚೂರು, ೧೯೩೫ರಲ್ಲಿ ಮುಂಬಯಿ, ೧೯೩೭ರಲ್ಲಿ ಜಮಖಂಡಿ. ಇವುಗಳಲ್ಲಿ ಒಂದೂ ಮೈಸೂರು ಸಂಸ್ಥಾನದ ಊರಲ್ಲ. ರಾಯಚೂರು ನಿಜಾಮರದು, ಜಮಖಂಡಿ ಬೇರೊಂದು ಸಂಸ್ಥಾನ, ಮುಂಬಯಿ ಕನ್ನಡ ನಾಡಿನ ಹೊರಗೇ ಇರುವ ಮಹಾನಗರ. ಇದು ಒಬ್ಬರಿಂದಲೇ ಆದ ಕಾರ್ಯವೆಂದು ಹೇಳುವಂತಿಲ್ಲ. ಕರೆದವರ ಉತ್ಸಾಹವೂ ಅದರಲ್ಲಿ ಸೇರಿದೆ. ಆದರೆ ಕನ್ನಡಿಗರೆಲ್ಲರಿಗೂ ಸೇರಿದ ಸಂಸ್ಥೆ ತಾನೆಂಬುದನ್ನು ಪರಿಷತ್ತು ಆ ವರ್ಷಗಳಲ್ಲಿ ನಡೆಯಿಂದ ತೋರಿಸಿತು. ಅಂದು ರಾಯದುರ್ಗವನ್ನೊಳಗೊಂಡಿದ್ದ ಬಳ್ಳಾರಿ ಜಿಲ್ಲೆಗೂ ಸಮ್ಮೇಳನವು ೧೯೨೬ರಲ್ಲೊಮ್ಮೆ, ೧೯೩೮ರಲ್ಲೊಮ್ಮೆ ಬಂದಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಪರಿಷತ್ತಿನ ಅಂಗಳದಲ್ಲಿ ವಸಂತ ಸಾಹಿತ್ಯೋತ್ಸವಗಳನ್ನು ನಡೆಸಿದುದೂ ಅವರ ಕಾಲದ ವಿಶೇಷ. ವಿದ್ವಾಂಸರ ಕೊಠಡಿಯಲ್ಲಿದ್ದ ಸಾಹಿತ್ಯವನ್ನು ಸಾಮಾನ್ಯ ಗೃಹಸ್ಥರ ಕಿವಿಗೆ ಮುಟ್ಟಿಸುವುದು ಅದರ ಉದ್ದೇಶ. ಹಾಡನ್ನು ಕೇಳಿ, ಕಾವ್ಯವಾಚನವನ್ನು ಕೇಳಿ ಮನೆಗೆ ಹೋದವನು ಪರಿಷತ್ತಿನ ಹೆಸರನ್ನು ನಾಲ್ಕು ಮನೆಗಳಲ್ಲಿ ಹೇಳುತ್ತಾನೆ. ಸಂತೋಷಪಟ್ಟ ಒಬ್ಬ ಶ್ರೋತೃವಿಗಿಂತ ದೊಡ್ಡ ಪ್ರಕಟಣೆ ಸಂಸ್ಥೆಗೆ ಬೇರೆ ಬೇಕಿಲ್ಲ.

ಅವರು ಕಟ್ಟಿದ ಇನ್ನೊಂದು ಸಂಸ್ಥೆ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ೧೯೪೫ರಲ್ಲಿ ಬೆಂಗಳೂರಿನಲ್ಲಿ ಅದು ಸ್ಥಾಪಿತವಾಯಿತು. ೧೯೧೫ರಲ್ಲಿ ಕಾಲವಾದ ಗೋಪಾಲಕೃಷ್ಣ ಗೋಖಲೆಯವರನ್ನು ಗುಂಡಪ್ಪನವರು ಸಾರ್ವಜನಿಕ ಜೀವನದ ಗುರುವೆಂದು ಭಾವಿಸಿದ್ದರು. ಆದುದರಿಂದ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟರು. ಅಲ್ಲಿ ಗ್ರಂಥಭಂಡಾರವಿತ್ತು, ಯುವಕರಿಗೆ ಅಧ್ಯಯನಗೋಷ್ಠಿಯಿತ್ತು, ಸರ್ಕಾರದ ಕಾರ್ಯನೀತಿಗಳನ್ನು ವಿಮರ್ಶಿಸುವ ಇಂಗ್ಲಿಷ್ ಮಾಸಪತ್ರಿಕೆಯೊಂದು ಹೊರಡುತ್ತಿತ್ತು. ಗುಂಡಪ್ಪನವರು ಅಲ್ಲಿ ಭಗವದ್ಗೀತೆಯನ್ನು ಕುರಿತು ಮಾಡಿದ ಉಪನ್ಯಾಸಗಳೇ ಜೀವನಧರ್ಮಯೋಗವೆಂಬ ಗ್ರಂಥವಾಗಿ, ೧೯೬೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದವು. ೧೯೭೦ರಲ್ಲಿ ಅಭಿಮಾನಿಗಳು ಅವರನ್ನು ಸನ್ಮಾನಿಸಿ ದೊಡ್ಡ ನಿಧಿಯೊಂದನ್ನು ಅರ್ಪಿಸಿದಾಗ, ಅವರು ಅದನ್ನು ಗೋಖಲೆ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಸಂಸ್ಥೆಯನ್ನು ಕಟ್ಟಿದವನು ಅದರಿಂದ ತಾನೇನನ್ನೂ ಪಡೆಯದಿದ್ದರೆ ಆ ಸಂಸ್ಥೆಯ ವಿಷಯದಲ್ಲಿ ಕೆಟ್ಟ ಮಾತಿಗೆ ಬೇರೂರಲು ನೆಲವೇ ಸಿಗುವುದಿಲ್ಲ.

೧೯೭೪ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು. ೧೯೭೫ರ ಅಕ್ಟೋಬರ್ ೭ರಂದು ಅವರು ದೇಹವನ್ನು ಬಿಟ್ಟರು. ರಂಗಾಚಾರ್ಲು ಅವರ ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದುದೂ ಅಕ್ಟೋಬರ್ ೭ರಂದೇ. ೧೯೮೮ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯು ಹೊರಬಿತ್ತು.

ಈ ಜೀವನದಿಂದ ಗಡಿನಾಡಿನ ನಮ್ಮ ಸಂಘಗಳು ಕಲಿಯಬೇಕಾದುದೇನು? ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ರಾಯದುರ್ಗ, ಆಲೂರು, ಆದವಾನಿಗಳು ಆಂಧ್ರಕ್ಕೆ ಉಳಿದವು. ರಾಯದುರ್ಗವು ಅನಂತಪುರ ಜಿಲ್ಲೆಯ ಅಂಗವಾಯಿತು. ಮೂರು ದಿಕ್ಕಿನಲ್ಲಿಯೂ ಕರ್ನಾಟಕವನ್ನೇ ನೆರೆಯಾಗಿ ಹೊಂದಿರುವ ಮಡಕಶಿರಾ ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆಗಳು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಆ ಮಾತನ್ನು ಮುಂದಿನ ತಲೆಮಾರಿಗೆ ದಾಟಿಸುವ ಸೇತುವೆಯೆಂದರೆ ಕನ್ನಡ ಮಾಧ್ಯಮದ ಶಾಲೆ.

ಈ ಶಾಲೆಯ ಉಳಿವು ಹೆಸರಿನ ಮೇಲೆ ನಿಂತಿದೆ. ಕನ್ನಡ ಶಾಲೆಯಲ್ಲಿ ಪುಸ್ತಕ ಬರುವುದಿಲ್ಲವಂತೆ, ಅಲ್ಲಿ ಓದಿದವರಿಗೆ ಮುಂದೆ ದಾರಿಯಿಲ್ಲವಂತೆ ಎಂಬ ಒಂದು ಅಂತೆ ಬೇಸಗೆಯ ರಜೆಯಲ್ಲಿ ಊರಿನೊಳಗೆ ಹೊಕ್ಕರೆ, ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕದ ಹತ್ತು ಹೆಸರುಗಳು ಕಾಣೆಯಾಗುತ್ತವೆ. ಹೆಸರುಗಳು ಕಡಮೆಯಾದರೆ ಉಪಾಧ್ಯಾಯರ ಸ್ಥಾನ ಕಡಮೆಯಾಗುತ್ತದೆ. ಉಪಾಧ್ಯಾಯರು ಕಡಮೆಯಾದರೆ ಆ ಅಂತೆಯೇ ನಿಜವಾಗಿಬಿಡುತ್ತದೆ. ಹಿಂದೆ ಗಾಳಿಮಾತು ನಡೆದುಕೊಂಡು ಬರುತ್ತಿತ್ತು. ಇಂದು ಕೈಯಲ್ಲಿರುವ ಮೊಬೈಲಿನಲ್ಲಿ ಗಳಿಗೆಯೊಳಗೆ ಊರನ್ನೆಲ್ಲ ಸುತ್ತುತ್ತದೆ. ಇಂಥ ಸಮಯದಲ್ಲಿ ಸಂಘದ ಮಾತನ್ನು ಜನ ನಂಬಬೇಕಾದರೆ, ಆ ನಂಬಿಕೆಯನ್ನು ಮುಂಚಿನ ವರ್ಷಗಳಲ್ಲಿಯೇ ಗಳಿಸಿಟ್ಟಿರಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ದೊರೆಯುವುದಿಲ್ಲ.

ಗಳಿಸುವ ದಾರಿ ಗುಂಡಪ್ಪನವರ ಜೀವನದಲ್ಲಿ ಸ್ಪಷ್ಟವಾಗಿದೆ. ರಂಗಾಚಾರ್ಲು ಅವರಂತೆ ವರ್ಷಕ್ಕೊಮ್ಮೆಯಾದರೂ ಸಂಘದ ಆಯವ್ಯಯವನ್ನು ಎಲ್ಲರೆದುರು ಓದಿ ಹೇಳಬೇಕು. ಕೇಳುವವರು ಮೂರೇ ಜನರಾದರೂ ಓದಬೇಕು. ಆಕ್ಷೇಪಿಸಿದವನ ಬಾಯನ್ನು ಮುಚ್ಚಿಸದೆ ಅವನ ಮಾತಿನಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ತೂರಿ ನೋಡಬೇಕು. ಪುಸ್ತಕಗಳು ತಡವಾಗಿದ್ದರೆ ತಡವಾಗಿವೆಯೆಂದೇ ಪತ್ರಿಕೆಗೆ ತಿಳಿಸಿ, ಅವನ್ನು ತರಿಸಲು ಸಂಘವು ಏನು ಮಾಡುತ್ತಿದೆಯೆಂಬುದನ್ನೂ ತಿಳಿಸಬೇಕು. ಬಾತ್ಮೀದಾರರನ್ನು ಶಾಲು ಹಾರಗಳಿಂದ ಒಲಿಸಿಕೊಳ್ಳುವ ಬದಲು, ಅವರನ್ನು ಶಾಲೆಗೆ ಕರೆದೊಯ್ದು ಮಕ್ಕಳು ಓದುವುದನ್ನು ಕೇಳಿಸಬೇಕು. ವೇದಿಕೆಯ ಗಣ್ಯರ ಸಾಲಿನ ಚಿತ್ರಕ್ಕಿಂತ, ಏಳನೆಯ ತರಗತಿಯ ಹುಡುಗಿಯೊಬ್ಬಳು ತಪ್ಪಿಲ್ಲದೆ ಒಂದು ಪುಟವನ್ನು ಓದಿದಳೆಂಬ ಸುದ್ದಿಯು ತಂದೆತಾಯಿಗಳ ಮನಸ್ಸನ್ನು ಹೆಚ್ಚು ಮುಟ್ಟುತ್ತದೆ. ತೆಲುಗಿನ ಪತ್ರಿಕೆಗಳಲ್ಲಿಯೂ ಆ ಸುದ್ದಿ ಬರಲಿ; ನೆರೆಯವರು ನಮ್ಮನ್ನು ಅರಿತರೆ ನಮಗೆ ಬಲವೇ ಹೊರತು ನಷ್ಟವಿಲ್ಲ.

ಮುಳಬಾಗಿಲಿನ ಒಬ್ಬ ಬಡ ಹುಡುಗನು ಪದವಿಯಿಲ್ಲದೆ, ಹಣವಿಲ್ಲದೆ, ಅಧಿಕಾರವಿಲ್ಲದೆ, ಕೇವಲ ನಡತೆಯ ಬಲದಿಂದ ಎರಡು ಸಂಸ್ಥೆಗಳ ಗೌರವವನ್ನೂ ಒಂದು ವೃತ್ತಿಯ ಗೌರವವನ್ನೂ ಹೆಚ್ಚಿಸಿದನು. ಗಡಿಯ ಸಂಘಗಳಿಗೆ ಹಣ ಸಾಲದಿರಬಹುದು, ಅಧಿಕಾರ ಸಿಗದಿರಬಹುದು. ನಡತೆಯನ್ನು ಕಾಯಲು ಯಾರ ಅನುಮತಿಯೂ ಬೇಕಿಲ್ಲ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದ ಪ್ರತಿಯೊಂದು ಕುಟುಂಬವೂ ತನ್ನ ಮಕ್ಕಳನ್ನು ನಂಬಿಕೆಯಿಂದ ಕನ್ನಡ ಶಾಲೆಗೆ ಕಳುಹಿಸುವಂತಾಗಲಿ. ಆ ನಂಬಿಕೆಗೆ ನಮ್ಮ ಸಂಘಗಳು ಎಂದೆಂದಿಗೂ ಅರ್ಹವಾಗಿರಲಿ ಎಂದು ಹಾರೈಸುತ್ತೇನೆ.